ಒಂದು ಡಬ್ಬಿ ಪೆಟ್ರೋಲು, ಒಂದು ಡಬ್ಬಿ ಡೀಸೆಲ್ಲು

ಲಾರಿಯ ವಿಷಯದಲ್ಲಿ ನನಗೆ ಪಾಠ ಹೇಳಲು ಯಾರೂ ಬರಬೇಕಾಗಿಲ್ಲ. ನಾನು ಸ್ಟೇರಿಂಗ್ ಹಿಡಿದವಳಲ್ಲ, ಕ್ಲಚ್ಚಿನ ಮೇಲೆ ಕಾಲಿಟ್ಟವಳೂ ಅಲ್ಲ. ಆದರೆ ಪೆಟ್ರೋಲ್ ಲಾರಿ ಮೇಲೋ ಡೀಸೆಲ್ ಲಾರಿ ಮೇಲೋ ಎಂದು ಕುಮಟೆಯ ಗಂಡಸರೆಲ್ಲ ಚಾದಂಗಡಿಯ ಬೆಂಚು ಸವೆಸುತ್ತಿದ್ದ ಕಾಲದಲ್ಲಿ, ನಮ್ಮ ಮನೆಗೆ ಯಾವ ಲಾರಿ ಬರಬೇಕು ಎಂದು ಸರಿಯಾಗಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಇದನ್ನು ಜಂಬ ಅನ್ನುವವರು ಅಂದುಕೊಳ್ಳಲಿ, ನನಗೇನೂ ನಷ್ಟವಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಮನೆ ಕುಮಟೆಯಿಂದ ಹೊನ್ನಾವರಕ್ಕೆ ಹೋಗುವ ರಸ್ತೆಯ ಏರಿನಲ್ಲಿತ್ತು. ಮನೆಯಲ್ಲಿದ್ದವರು ಮೂವರೇ. ನಾನು, ನನ್ನ ಗಂಡ, ಗಂಡನ ಅಣ್ಣ. ಭಾವನ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಅವರು ಪೇಟೆಯಲ್ಲಿ ಉಪ್ಪು, ತೆಂಗಿನಕಾಯಿ, ತೌಡಿನ ಅಂಗಡಿ ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಲಾರಿ ಓಡಿಸುತ್ತಿದ್ದರು. ಉಪ್ಪಿನ ಮೂಟೆ ಹೇರಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವುದು, ಬರುವಾಗ ಅಕ್ಕಿಯೋ ಬೆಲ್ಲವೋ ಸಿಕ್ಕಿದ್ದನ್ನು ತುಂಬಿಕೊಂಡು ಇಳಿಯುವುದು. ಅಂಗಡಿಯೂ ಲಾರಿಯೂ ಅಣ್ಣತಮ್ಮಂದಿರ ಕೂಡುಸೊತ್ತು.

ನಮ್ಮ ಮನೆಯ ಒಂದು ರಿವಾಜು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಂತು ಮಾತಾಡುವಂತಿಲ್ಲ, ಭಾವನೂ ಅವಳನ್ನು ನೇರ ಮಾತಾಡಿಸುವಂತಿಲ್ಲ. ಏನಿದ್ದರೂ ನಡುವೆ ಇನ್ನೊಬ್ಬರು ಬೇಕು. ನಮ್ಮಲ್ಲಿ ಆ ಇನ್ನೊಬ್ಬರು ನನ್ನ ಗಂಡ. ಜಗಲಿಯಲ್ಲಿ ಊಟಕ್ಕೆ ಕೂತ ಭಾವ, "ತಮಾ, ಸಾರಿಗೆ ಉಪ್ಪು ಕಮ್ಮಿ ಅದೆ ಹೇಳು" ಅನ್ನುವರು. ನಾನು ಬಾಗಿಲ ಮರೆಯಿಂದ, "ಹ್ವಾಯ್, ಉಪ್ಪಿನ ಅಂಗಡಿ ಇದ್ದವ್ರಿಗೆ ಎಷ್ಟ್ ಹಾಕಿದ್ರೂ ಸಾಲೂದಿಲ್ಲ ಅಂತ ಹೇಳಿ" ಅನ್ನುವೆ. ಇಬ್ಬರಿಗೂ ಇಬ್ಬರ ಮಾತೂ ಚೆನ್ನಾಗಿ ಕೇಳುತ್ತಿತ್ತು. ನನ್ನ ಗಂಡ ನಡುವೆ ಕೂತು ಸುಮ್ಮನೆ ಅನ್ನ ಕಲಸುತ್ತಿದ್ದರು.

ಅವರು ಯಾಕೆ ಸುಮ್ಮನಿರುತ್ತಿದ್ದರು ಎಂಬುದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಅವರಿಗೆ ಕೇಳಿಸುತ್ತಿರಲಿಲ್ಲ.

ನನಗೆ ಗೊತ್ತಾದದ್ದು ಅಡುಗೆಮನೆಯಲ್ಲಿ ಕೂತು. ಆಗಿನ ಲಾರಿಗಳಲ್ಲಿ ಗೇರು ತಾನಾಗಿ ಕೂರುತ್ತಿರಲಿಲ್ಲ. ಕ್ಲಚ್ಚು ಒತ್ತಿ, ಬಿಟ್ಟು, ಇಂಜಿನ್ನಿನ ದನಿ ಇಳಿಯುವುದನ್ನು ಕಾದು, ಸರಿಯಾದ ದನಿ ಬಂದ ಕ್ಷಣದಲ್ಲಿ ಮತ್ತೆ ಒತ್ತಿ ಗೇರು ತಳ್ಳಬೇಕು. ದನಿ ತಪ್ಪಿದರೆ ಒಳಗಿನ ಹಲ್ಲುಚಕ್ರಗಳು ಕಟಕಟ ಕಡಿದುಕೊಳ್ಳುತ್ತವೆ, ಕೇಳಿದವರ ಹಲ್ಲೂ ಜುಮ್ಮೆನ್ನುತ್ತದೆ. ನಮ್ಮ ಮನೆಯ ಎದುರಿನ ಏರಿನಲ್ಲಿ ಎಲ್ಲ ಲಾರಿಗಳೂ ಗೇರು ಇಳಿಸಲೇಬೇಕು. ಹಾಗಾಗಿ ಯಾವ ಡ್ರೈವರನ ಕೈ ಎಂಥದು ಎಂದು ನಾನು ತೆಂಗಿನಕಾಯಿ ತುರಿಯುತ್ತಲೇ ಹೇಳುತ್ತಿದ್ದೆ. ಇವರ ಗೇರು ಕೂತದ್ದೇ ತಿಳಿಯುತ್ತಿರಲಿಲ್ಲ. ಇವರ ಕೈಯ ಹಾಗೆ ಕುಮಟೆಯಲ್ಲಿ ಮತ್ತೊಂದು ಕೈ ಇರಲಿಲ್ಲ, ಹೆಂಡತಿ ಅಂತ ಹೇಳುತ್ತಿಲ್ಲ.

ಒಂದು ಮಧ್ಯಾಹ್ನ ಏರಿನಲ್ಲಿ ಒಂದು ಲಾರಿ ಹಲ್ಲು ಕಡಿಯಿತು. ಯಾವನೋ ಹೊಸಬ, ಪಾಪದ ಗಾಡಿಯನ್ನು ಕೊಲ್ಲುತ್ತಿದ್ದಾನೆ ಅಂದುಕೊಂಡೆ. ಆ ಲಾರಿ ನಮ್ಮ ಅಂಗಳಕ್ಕೇ ಬಂದು ನಿಂತಿತು. ಇಳಿದವರು ಇವರು. ಮರುದಿನವೂ ಹಾಗೇ ಆಯಿತು. ಆ ಮೇಲೆ ನಾನು ಇವರ ಬೆನ್ನ ಹಿಂದೆ ನಿಂತು ಮೆಲ್ಲಗೆ, ಜೋರಾಗಿ, ಇನ್ನೂ ಜೋರಾಗಿ ಕರೆದು ನೋಡಿದೆ. ತಿರುಗಲಿಲ್ಲ. ಎದುರು ಬಂದು ನಿಂತಾಗ ನನ್ನ ಮುಖ ನೋಡಿಯೇ ಇವರಿಗೆ ಅರ್ಥವಾಯಿತು.

"ಅಣ್ಣಂಗೆ ಹೇಳ್ಬೇಡ" ಅಂದರು. "ಗಾಡಿ ಬಿಟ್ರೆ ನಂಗೆ ಬೇರೆ ಎಂತ ಬತ್ತದೆ?"

ನಾನು ಹೇಳಲಿಲ್ಲ. ಅದನ್ನು ಇವತ್ತಿಗೂ ತಪ್ಪು ಅಂದುಕೊಂಡಿಲ್ಲ. ಸ್ಟೇರಿಂಗಿನ ಹಿಂದೆ ಕೂತಾಗ ಆ ಮನುಷ್ಯನ ಬೆನ್ನು ನೆಟ್ಟಗಾಗುತ್ತಿತ್ತು. ಇಳಿದು ಅಂಗಡಿಯಲ್ಲಿ ತೌಡು ಅಳೆಯುತ್ತ ಕೂತರೆ ವರ್ಷದೊಳಗೆ ಮುದುಕನಾಗುತ್ತಿದ್ದರು. ಹಾಗೆಂದು ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇವರು ಘಟ್ಟಕ್ಕೆ ಹೋದ ದಿನ ನನ್ನ ಕೈಯಲ್ಲಿ ಕೆಲಸ ಓಡುತ್ತಿರಲಿಲ್ಲ.

ಆ ಹೊತ್ತಿಗೆ ಸರಿಯಾಗಿ ನಮ್ಮ ಹಳೆಯ ಪೆಟ್ರೋಲ್ ಲಾರಿ ಮುಷ್ಕರ ಹೂಡಿತು. ಯುದ್ಧಕಾಲದಲ್ಲಿ ಮಿಲಿಟರಿಯವರು ಓಡಿಸಿ ಬಿಟ್ಟ ಗಾಡಿ ಅದು. ಮಳೆಗಾಲ ಬಂತೆಂದರೆ ಇಂಜಿನ್ನಿನ ಕಿಡಿ ಹೊತ್ತಿಸುವ ಪ್ಲಗ್ಗುಗಳಿಗೆ ತೇವ ಹಿಡಿದು ಗಾಡಿ ಏಳುತ್ತಲೇ ಇರಲಿಲ್ಲ. ಬೆಳಿಗ್ಗೆ ಇವರು ಆರೂ ಪ್ಲಗ್ಗು ಬಿಚ್ಚಿ ತಂದು ನನ್ನ ಒಲೆಯ ದಂಡೆಯ ಮೇಲೆ ಸಾಲಾಗಿ ಇಡುವರು. ಒಂದು ಕಡೆ ಒಣಮೀನು ಸುಡುತ್ತಿದೆ, ಇನ್ನೊಂದು ಕಡೆ ಪ್ಲಗ್ಗು ಕಾಯುತ್ತಿದೆ. ಬಿಸಿ ಆರುವ ಮೊದಲು ಓಡಿಹೋಗಿ ಹಾಕಿ, ಗಾಡಿಯ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು. ಪೆಟ್ರೋಲ್ ಗಾಡಿಯ ಗುಣಗಾನ ಮಾಡುವ ಚಾದಂಗಡಿಯ ಪಂಡಿತರು ಯಾರೂ ಒಲೆಯ ಮೇಲೆ ಪ್ಲಗ್ಗು ಸುಟ್ಟವರಲ್ಲ.

ಗಾಡಿ ಬದಲಿಸಬೇಕು ಎಂದು ಭಾವ ತೀರ್ಮಾನಿಸಿದರು. ಎರಡು ಗಾಡಿಗಳು ನೋಡಲು ಸಿಕ್ಕವು. ಒಂದು ಹೊನ್ನಾವರದ ಮರದ ವ್ಯಾಪಾರಿಯ ಪೆಟ್ರೋಲ್ ಲಾರಿ. ವಿಲಾಯತಿ ಮಾಲು, ಹಸಿರು ಬಣ್ಣ, ಚೂಪು ಮೂತಿ, ಬಹಳ ಚಂದ. ಇನ್ನೊಂದು ಭಟ್ಕಳದ ಒಬ್ಬ ಸಾಯಬರ ಡೀಸೆಲ್ ಲಾರಿ. ನಮ್ಮ ದೇಶದಲ್ಲೇ ಜೋಡಿಸಿದ್ದು, ದಪ್ಪ ಮೂತಿ, ಸದ್ದು ಅಕ್ಕಿ ಗಿರಣಿಯದು.

ಊರೆಲ್ಲ ಎರಡು ಪಕ್ಷವಾಯಿತು. ಪೆಟ್ರೋಲಿನವರು, ಏರಿನಲ್ಲಿ ಅದರ ಎಳೆತವೇ ಬೇರೆ, ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ಎದ್ದು ನಿಲ್ಲುತ್ತದೆ, ಕೈಗೆ ಮಸಿ ಹತ್ತುವುದಿಲ್ಲ ಅಂದರು. ಡೀಸೆಲಿನವರು, ಕುಡಿಯುವುದು ಅರ್ಧ, ಓಡುವುದು ಒಂದೂವರೆ, ಕಿಡಿಯ ಕಾಟವೇ ಇಲ್ಲವಾದ್ದರಿಂದ ಮಳೆಗೂ ಅಂಜುವುದಿಲ್ಲ, ಸಾಮಾನು ಹುಬ್ಬಳ್ಳಿಯಲ್ಲೇ ಸಿಗುತ್ತದೆ, ಮುಂಬಯಿಗೆ ಕಾಗದ ಬರೆದು ಕಾಯಬೇಕಾಗಿಲ್ಲ ಅಂದರು. ಎರಡೂ ಪಕ್ಷದವರು ಹೇಳಿದ್ದು ನಿಜವೇ. ಆದರೆ ನಮ್ಮ ಮನೆಗೆ ಬೇಕಾದ ಮಾತನ್ನು ಇಬ್ಬರೂ ಹೇಳಲಿಲ್ಲ.

ಅದು ನನಗೆ ಗೊತ್ತಾದದ್ದು ಹೀಗೆ. ಅದರ ಹಿಂದಿನ ತಿಂಗಳು ಭಟ್ಕಳದ ಹತ್ತಿರ ಜಾಲಿಯಲ್ಲಿ ಒಂದು ಮದುವೆ. ಮುಗಿಸಿ ಬರುವಾಗ ನಮ್ಮನ್ನೆಲ್ಲ ಹೊನ್ನಾವರದ ತಾರಿಯವರೆಗೆ ಬಿಟ್ಟದ್ದು ಇದೇ ಸಾಯಬರ ಡೀಸೆಲ್ ಲಾರಿ. ಶರಾವತಿಗೆ ಆಗ ಸೇತುವೆ ಇರಲಿಲ್ಲ, ಲಾರಿಯಾದರೂ ಮನುಷ್ಯರಾದರೂ ತಾರಿಯ ದೋಣಿಯಲ್ಲೇ ದಾಟಬೇಕು. ದಾರಿಯಲ್ಲಿ ಅದರ ಡ್ರೈವರ್ ಇವರ ಕೈಗೆ ಗಾಡಿ ಕೊಟ್ಟು, ಓಡಿಸಿ ನೋಡು ಅಂದ. ನಾನು ಹಿಂದೆ ಹೆಂಗಸರ ನಡುವೆ ಕೂತು ಕಿವಿ ಅಲ್ಲೇ ಇಟ್ಟಿದ್ದೆ. ಅಷ್ಟು ದೂರವೂ ಒಂದು ಗೇರು ಕಡಿಯಲಿಲ್ಲ. ಮನೆಗೆ ಬಂದು ಎದುರು ನಿಂತು ಕೇಳಿದೆ. ಇವರು, "ಅದು ಕಾಲಿಗೆ ಗೊತ್ತಾತದೆ. ತಳದ ತಗಡು ನಡುಗ್ತದಲ್ಲ, ನಡುಕ ಇಳೀತಾ ಬಂದ್ರೆ ಗೇರ್ ಹಾಕೂದು" ಅಂದರು. ಅಂದು ರಾತ್ರಿ ನಾನು ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಇಷ್ಟೆಲ್ಲ ಗೊತ್ತಿದ್ದೂ ಇವರ ಬಾಯಲ್ಲಿ ಬಂದದ್ದು ಪೆಟ್ರೋಲ್ ಗಾಡಿಯ ಹೆಸರೇ. ಡೀಸೆಲ್ಲು ಎಮ್ಮೆ, ನಾತ, ಮೈಯೆಲ್ಲ ಮಸಿ ಅಂದರು. ಪೆಟ್ರೋಲ್ ಗಾಡಿಯ ಡ್ರೈವರ್ ಅಂದರೆ ಆಗ ಒಂದು ಗತ್ತು ಇತ್ತು, ಬಿಳಿ ಅಂಗಿ ಹಾಕಿಕೊಂಡು ಇಳಿಯಬಹುದಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ಬಿಳಿ ಅಂಗಿ ಹಾಕ್ಕಂಡು ಅಂಗಡಿಲಿ ಕೂತ್ಕಂಬೂದು ಬೇಕಾ, ಮಸಿ ಅಂಗಿಲಿ ಘಟ್ಟ ಹತ್ತೂದು ಬೇಕಾ?" ಎಂದು ಎದುರು ನಿಂತು, ತುಟಿ ಕಾಣುವ ಹಾಗೆ, ಒಂದೊಂದೇ ಮಾತು ಬಿಡಿಸಿ ಕೇಳಿದೆ. ಇವರು ಮುಖ ಅತ್ತ ತಿರುಗಿಸಿಕೊಂಡರು. ಕಿವಿ ಕೇಳದವರ ಜೊತೆ ಜಗಳದ ಕಷ್ಟ ಇದೇ, ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು.

ಭಾವ ಯಾರ ಮಾತನ್ನೂ ನಂಬುವವರಲ್ಲ. ಎರಡೂ ಗಾಡಿಯನ್ನು ತರಿಸಿ ಪರೀಕ್ಷೆ ಮಾಡುವುದೆಂದರು. ಪರೀಕ್ಷೆಯ ಕ್ರಮ ಅವರದೇ. ಟ್ಯಾಂಕು ಪೂರಾ ಬರಿದು ಮಾಡಿ, ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಅಳೆದು ಒಂದೇ ಒಂದು ಡಬ್ಬಿ ಹಾಕುವುದು. ಉಪ್ಪಿನ ಮೂಟೆ ಹೇರಿ ಘಟ್ಟದ ನೆತ್ತಿಗೆ ಹೋಗಿ ತಿರುಗುವುದು. ಡಬ್ಬಿ ಮುಗಿದು ಗಾಡಿ ತಾನಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಅದರ ಅಳತೆ. ಪೆಟ್ರೋಲ್ ಗಾಡಿಯವರು ಆಗ ಮೈಲೇಜು ನೋಡುತ್ತಿದ್ದದ್ದೇ ಹಾಗೆ.

ನಾನೂ ಬರುತ್ತೇನೆಂದು ಹಟ ಹಿಡಿದೆ. "ಹ್ವಾಯ್, ಮನೆಗೆ ಬರೂ ಗಾಡಿನ ಮೊದ್ಲು ಘಟ್ಟದ ಮೇಲಿನ ಅಮ್ಮಂಗೆ ತೋರಿಸ್ಬೇಕು, ಕಾಯಿ ಒಡೀಬೇಕು ಅಂತ ಹೇಳಿ" ಅಂದೆ. ದೇವರ ವಿಷಯ, ಭಾವ ಬೇಡವೆನ್ನುವಂತಿಲ್ಲ. ಆದರೆ ಮುಂದಿನ ಸೀಟಿನಲ್ಲಿ ನಾನು ಕೂತರೆ ಭಾವ ನನ್ನ ಪಕ್ಕ ಕೂರುವಂತಿಲ್ಲ. ಹಾಗಾಗಿ ಗಾಡಿ ಕೊಳ್ಳುವ ಯಜಮಾನರೇ ಕ್ಲೀನರನ ಜೊತೆ ಉಪ್ಪಿನ ಮೂಟೆಯ ಮೇಲೆ ಕೊಡೆ ಬಿಚ್ಚಿ ಕೂತರು. ದಾರಿಯಲ್ಲಿ ನೋಡಿದವರೆಲ್ಲ ನಕ್ಕರು. ನನಗೂ ನಗು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ.

ಮೊದಲು ಪೆಟ್ರೋಲ್ ಗಾಡಿ. ಸಂತೆಗುಳಿಯ ಕಡೆಯ ದಾರಿ ಹಿಂದೆ ಬೀಳುವವರೆಗೂ ಹೂವಿನ ಹಾಗೆ ಓಡಿತು. ಅದನ್ನು ಇಲ್ಲವೆನ್ನಲಾರೆ. ಸೀಟು ಮೆತ್ತಗೆ, ಸದ್ದು ಮೆತ್ತಗೆ. ಆ ಮೆತ್ತನೆಯ ಸದ್ದೇ ನಮಗೆ ಶತ್ರು. ಘಟ್ಟದ ಮೊದಲ ಏರಿನಲ್ಲೇ ಹಲ್ಲು ಕಡಿಯಿತು. ಮೇಲಿನಿಂದ ಭಾವ, "ತಮಾ, ಎಂತ ಆತು?" ಎಂದು ಕೂಗಿದರು. ಇವರಿಗೆ ಕೇಳಿಸಲಿಲ್ಲ. ನಾನು ಕಿಟಕಿಯಿಂದ ಹೊರಗೆ ಮುಖ ಹಾಕಿ, ಗಂಡನಿಗೆ ಹೇಳುವವಳ ಹಾಗೆ, "ಈ ಗಾಡಿ ಗೇರೇ ಸರಿ ಇಲ್ಲ ಕಾಣ್ತದೆ ಅಲ್ದಾ?" ಎಂದು ಭಾವನಿಗೆ ಕೇಳುವಷ್ಟು ಜೋರಾಗಿ ಹೇಳಿದೆ.

ಸುತ್ತು ತಿರುವಿನಲ್ಲಿ ಅದಕ್ಕಿಂತ ಕೆಟ್ಟದಾಯಿತು. ಗೇರು ಇಳಿಸಲು ಹೋದರು, ಕೂರಲಿಲ್ಲ. ಮತ್ತೆ ತಳ್ಳಿದರು, ಮತ್ತೆ ಕಡಿಯಿತು. ಅಷ್ಟರಲ್ಲಿ ಗಾಡಿಯ ಎಳೆತ ಸತ್ತು ಹಿಂದಕ್ಕೆ ಜಾರತೊಡಗಿತು. ಕ್ಲೀನರ್ ಹಾರಿ ಇಳಿದು ಹಿಂದಿನ ಗಾಲಿಗೆ ಮರದ ತುಂಡು ಕೊಟ್ಟ. ಗಾಡಿ ನಿಂತಿತು. ನನ್ನ ತೊಡೆಯ ಮೇಲಿದ್ದ ಕಾಯಿ ಕೆಳಗೆ ಉರುಳಿಹೋಗಿತ್ತು. ಇವರು ನನ್ನ ಕಡೆ ನೋಡದೆ ಸ್ಟೇರಿಂಗ್ ಹಿಡಿದು ಕೂತೇ ಇದ್ದರು. ನಾನು ಬಗ್ಗಿ ಕಾಯಿ ಎತ್ತಿಕೊಂಡೆ.

ಹಾಗೂ ಹೀಗೂ ಹತ್ತಿ ಇಳಿದೆವು. ವಾಪಸು ಬರುವಾಗ ಊರು ಇನ್ನೂ ದೂರವಿರುವಾಗಲೇ ಡಬ್ಬಿ ಮುಗಿದು ಗಾಡಿ ಕೆಮ್ಮಿ ನಿಂತಿತು. ಇನ್ನೊಂದು ಡಬ್ಬಿ ಸುರಿದು ಹ್ಯಾಂಡಲ್ ತಿರುಗಿಸಿದರು, ತಕ್ಷಣ ಎದ್ದಿತು. ಭಾವ ಬಂದು, "ತಮಾ, ಎಳೆತ ಅಡ್ಡಿಲ್ಲ. ಗೇರು ರಿಪೇರಿ ಮಾಡ್ಸಿ ಕೊಟ್ರೆ ನೋಡ್ವ" ಅಂದರು. ಇವರು ತಲೆ ಅಲ್ಲಾಡಿಸಿದರು. ಕೇಳಿದ್ದಕ್ಕೋ ಕೇಳದ್ದಕ್ಕೋ, ಆ ತಲೆ ಯಾವಾಗಲೂ ಒಂದೇ ರೀತಿ ಅಲ್ಲಾಡುತ್ತಿತ್ತು.

ಎರಡು ದಿನ ಕಳೆದು ಸಾಯಬರೇ ಡೀಸೆಲ್ ಗಾಡಿ ತಂದು ನಮ್ಮ ಮನೆಯ ಮುಂದೆ ನಿಲ್ಲಿಸಿದರು. ಭಾವ ಹಿತ್ತಲಲ್ಲಿ ಡಬ್ಬಿ ತೊಳೆಸುತ್ತಿದ್ದರು. ಇಂಜಿನ್ನು ಓಡುತ್ತಲೇ ಇತ್ತು. ಸಾಯಬರು ಇವರ ಪಕ್ಕ ನಿಂತು, ಟ್ಯಾಂಕಿನ ಕಡೆ ಬೆರಳು ಮಾಡಿ, ಬೆರಳನ್ನು ಅತ್ತಿತ್ತ ಆಡಿಸಿ ಏನೋ ಬಹಳ ಹೊತ್ತು ಹೇಳಿದರು. ಕಿಟಕಿಯಲ್ಲಿದ್ದ ನನಗೆ ಆ ಗದ್ದಲದಲ್ಲಿ ಒಂದಕ್ಷರ ಕೇಳಲಿಲ್ಲ. ಇವರು ಹೂಂ ಹೂಂ ಎಂದು ತಲೆ ಅಲ್ಲಾಡಿಸಿದರು. ಆ ತಲೆ ಅಲ್ಲಾಡಿಸುವುದು ನೋಡಿ ನನಗೆ ಸರಿ ಬರಲಿಲ್ಲ. ಆಮೇಲೆ ಕೇಳಿದರೆ, "ಎಂತದೂ ಇಲ್ಲ, ಗಾಡಿ ಒಳ್ಳೇದು ಅಂದ್ರು" ಅಂದರು. ಸಂಜೆ ಹೊನ್ನಾವರದ ತಾರಿಯ ಹತ್ತಿರ ಕಾಯುತ್ತೇನೆ, ಅಲ್ಲೇ ಗಾಡಿ ಕೊಡಿ ಎಂದು ಭಾವನಿಗೆ ಹೇಳಿ ಸಾಯಬರು ಬಸ್ಸು ಹತ್ತಿದರು.

ಡೀಸೆಲ್ ಗಾಡಿಯಲ್ಲಿ ಘಟ್ಟ ಹತ್ತಿದ್ದನ್ನು ನಾನು ಮರೆಯುವುದಿಲ್ಲ. ಪೆಟ್ರೋಲ್ ಗಾಡಿಗಿಂತ ನಿಧಾನ, ಸೀಟು ಹಲಗೆ, ಮೈಯೆಲ್ಲ ಕುಲುಕುತ್ತಿತ್ತು. ಮೇಲಿನಿಂದ ಭಾವ ಕೂಗಿದರೆ ನನಗೂ ಕೇಳದು, ನಾನು ಕೂಗಿದರೆ ಭಾವನಿಗೂ ಕೇಳದು. ಆ ಗಾಡಿಯಲ್ಲಿ ನಾವು ಮೂವರೂ ಕಿವುಡರೇ. ಇವರು ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಬರಿಗಾಲು ತಗಡಿನ ಮೇಲೆ ಊರಿದರು. ಏರು ಬಂತು, ಗೇರು ಇಳಿಯಿತು, ಕೂತದ್ದೇ ತಿಳಿಯಲಿಲ್ಲ. ಸುತ್ತು ತಿರುವು ಬಂತು, ಅಲ್ಲೂ ಹಾಗೇ. ಇವರ ಮುಖ ನೋಡಿದೆ. ಮದುವೆಯಾದ ಹೊಸತರಲ್ಲಿ ಇದ್ದ ಮುಖ ಅದು. ನನಗೆ ಅಳು ಬಂತು, ಸಂತೋಷಕ್ಕೇ. ನೆತ್ತಿಯಲ್ಲಿ ಅಮ್ಮನ ಎದುರು ಕಾಯಿ ಒಡೆಯುವಾಗ, ಇದೇ ಗಾಡಿ ಆಗಲಿ ತಾಯಿ ಎಂದು ಕೇಳಿಕೊಳ್ಳಲಿಲ್ಲ, ಆಗಿಯೇ ಆಗುತ್ತದೆ ಎಂದು ಹೇಳಿ ಬಂದೆ.

ಇಳಿದು ಕುಮಟೆ ಮುಟ್ಟಿದರೂ ಡಬ್ಬಿ ಮುಗಿದಿರಲಿಲ್ಲ. ಭಾವ ಮೂಟೆಯ ಮೇಲೇ ಎದ್ದು ನಿಂತು, ಹೊನ್ನಾವರದ ದಾರಿ ಹಿಡಿ ಎಂದು ಕೈ ಮಾಡಿದರು. ಕೊಡೆಯ ಕೆಳಗೆ ಅವರ ಹಲ್ಲೆಲ್ಲ ಕಾಣುತ್ತಿತ್ತು. ಗಾಡಿ ಓಡಿತು, ಓಡಿತು. ಹೊನ್ನಾವರದ ಪೇಟೆ ಇನ್ನೇನು ಬಂತು ಅನ್ನುವಾಗ ಒಂದೆರಡು ಬಾರಿ ಮುಗ್ಗರಿಸಿ ನಿಂತಿತು. ಭಾವ ಹಾರಿ ಇಳಿದರು, ಈ ಡಬ್ಬಿಗೆ ಆ ಡಬ್ಬಿ ಸಾಟಿಯೇ ಅಲ್ಲ ಎಂದು ಕ್ಲೀನರನ ಬೆನ್ನು ತಟ್ಟಿದರು. ಜೊತೆಗೆ ತಂದಿದ್ದ ಇನ್ನೊಂದು ಡಬ್ಬಿ ಡೀಸೆಲ್ ಸುರಿದರು. ಇವರು ಸ್ಟಾರ್ಟರ್ ಎಳೆದರು.

ಗಾಡಿ ಏಳಲಿಲ್ಲ. ಮತ್ತೆ ಎಳೆದರು, ಮತ್ತೆ ಎಳೆದರು. ಬ್ಯಾಟರಿ ನರಳಿ ನರಳಿ ಸೋತಿತು. ಕ್ಲೀನರ್ ಹ್ಯಾಂಡಲ್ ಹಾಕಿ ಜೋತುಬಿದ್ದ, ಅದು ಅಲುಗಾಡಲಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ಲಿದೆ, ಗಾಡಿ ಸತ್ತುಬಿದ್ದಿದೆ. ಪೆಟ್ರೋಲ್ ಗಾಡಿಯಲ್ಲಿ ಕೈ ಪಳಗಿದ ಇಷ್ಟು ಜನಕ್ಕೆ ಏನು ತಪ್ಪಿತು ಎಂಬುದೇ ತಿಳಿಯಲಿಲ್ಲ. ಭಾವನ ಹಲ್ಲು ಒಳಗೆ ಹೋದವು. "ತಮಾ, ನಡು ದಾರಿಲಿ ಕೈ ಕೊಡೂ ಗಾಡಿ ನಮಗೆ ಬೇಡ. ಆ ಹಸ್ರು ಗಾಡಿನೇ ತಕಂಬ" ಅಂದರು.

ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬನ ಕೈಯಲ್ಲಿ ತಾರಿಯ ಹತ್ತಿರ ಕಾಯುತ್ತಿದ್ದ ಸಾಯಬರಿಗೆ ಹೇಳಿಕಳಿಸಿದರು. ಸಾಯಬರು ಬೆವರು ಒರೆಸಿಕೊಳ್ಳುತ್ತ ನಡೆದು ಬಂದರು. ಗಾಡಿ ನೋಡಿದವರೇ ಹಣೆ ಬಡಿದುಕೊಂಡರು.

"ಟಾಂಕಿ ಖಾಲಿ ಮಾಡಿದ್ರಾ? ಅಯ್ಯೋ ಭಾಯ್, ಡೀಸೆಲ್ ಗಾಡಿ ಖಾಲಿ ಮಾಡಿದ್ರೆ ಪೈಪಿನಲ್ಲಿ ಗಾಳಿ ಹಿಡೀತದೆ. ಗಾಳಿ ತೆಗಿಯೂ ತನಕ ಸ್ಟಾರ್ಟ್ ಆಗೂದಿಲ್ಲ. ಬೆಳಿಗ್ಗೆ ನಿಮ್ಮ ತಮ್ಮಂಗೆ ಅಷ್ಟು ಹೇಳಿದೆ, ಒಂದು ಸಲ ಅಲ್ಲ, ಮೂರು ಸಲ ಹೇಳಿದೆ. ಅವರು ಹೂಂ ಹೂಂ ಅಂದ್ರು."

ಭಾವ ತಮ್ಮನ ಕಡೆ ತಿರುಗಿದರು. ಇವರು ಗಾಡಿಯ ಮೂತಿಯ ಹತ್ತಿರ ಬಗ್ಗಿ ಹ್ಯಾಂಡಲ್ ನೋಡುತ್ತಿದ್ದರು, ಬೆನ್ನು ನಮ್ಮ ಕಡೆಗಿತ್ತು. "ತಮಾ" ಅಂದರು ಭಾವ. ಇವರು ಬಗ್ಗಿಯೇ ಇದ್ದರು. "ತಮಾ" ಎಂದು ಮತ್ತೆ ಕರೆದರು, ದನಿ ಏರಿಸಿ. ಇಂಜಿನ್ನಿನ ಸದ್ದಿಲ್ಲ, ಗಾಳಿಯ ಸದ್ದೂ ಇಲ್ಲ. ಅಷ್ಟು ಹತ್ತಿರದಲ್ಲಿ ನಿಂತು ಮೂರನೆಯ ಬಾರಿ ಕರೆಯಲು ಭಾವನಿಗೆ ಬಾಯಿ ಬರಲಿಲ್ಲ.

ಭಾವ ತಿರುಗಿ ನನ್ನ ಮುಖ ನೋಡಿದರು. ಮದುವೆಯಾಗಿ ಬಂದ ಮೇಲೆ ಅವರು ನನ್ನ ಮುಖ ಸರಿಯಾಗಿ ನೋಡಿದ್ದು ಅದೇ ಮೊದಲು.

"ನಿಂಗೆ ಗೊತ್ತಿತ್ತಾ?" ಅಂದರು. ನೇರ, ನನಗೇ.

"ಗೊತ್ತಿತ್ತು" ಅಂದೆ. ನಾನೂ ನೇರವಾಗಿಯೇ ಅಂದೆ. ಆ ಹೊತ್ತಿನಲ್ಲಿ ರಿವಾಜು ನೋಡುತ್ತ ಕೂರಲು ಆಗುತ್ತಿರಲಿಲ್ಲ. "ಆ ಹಸ್ರು ಗಾಡಿ ಗೇರಿಗೆ ಎಂತದೂ ಆಗ್ಲಿಲ್ಲ. ಅದ್ರ ಸದ್ದು ಇವ್ರಿಗೆ ಕೇಳೂದಿಲ್ಲ. ಈ ಗಾಡಿದು ಕಾಲಿಗೆ ಗೊತ್ತಾತದೆ. ಇವತ್ತು ಘಟ್ಟ ಹತ್ತುವಾಗ ನೀವೇ ಮೇಲೆ ಕೂತಿದ್ರಿ. ಒಂದಾದ್ರೂ ಹಲ್ಲು ಕಡೀತಾ?"

ಭಾವ ಯೋಚಿಸಿದರು. "ಇಲ್ಲ" ಅಂದರು. ಆಮೇಲೆ, "ಗೇರು ಆತು. ಹಿಂದಿಂದ ಬಸ್ಸಿನವ ಹಾರನ್ ಹೊಡದ್ರೆ?" ಅಂದರು.

ಅಷ್ಟರಲ್ಲಿ ಇವರು ತಿರುಗಿ ನೋಡಿದರು. ಅಣ್ಣ ಮತ್ತು ಹೆಂಡತಿ ಎದುರುಬದುರು ನಿಂತು ಮಾತಾಡುತ್ತಿರುವುದು ಕಂಡಿತು. ಕಂಡ ಕೂಡಲೇ ಎಲ್ಲ ತಿಳಿಯಿತು. ಕೈಯಲ್ಲಿದ್ದ ಹ್ಯಾಂಡಲನ್ನು ಕೆಳಗಿಟ್ಟು, ರಸ್ತೆ ಬದಿಯ ಚಿರೆಕಲ್ಲಿನ ಮೇಲೆ ಹೋಗಿ ಕೂತುಬಿಟ್ಟರು. ಸಣ್ಣ ಮಕ್ಕಳ ಹಾಗೆ ಕಾಲು ಒಟ್ಟು ಮಾಡಿ ಕೂತರು. ಭಾವ ಹೋಗಿ ಪಕ್ಕದಲ್ಲಿ ಕೂತರು.

ಸಾಯಬರು ಒಳ್ಳೆಯ ಮನುಷ್ಯ. ಏನನ್ನೂ ನೋಡದವರ ಹಾಗೆ ಕ್ಲೀನರನನ್ನು ಕರೆದುಕೊಂಡು ಇಂಜಿನ್ನಿನ ಪಕ್ಕದ ಒಂದು ನಟ್ಟು ಸಡಿಲಿಸಿ, ಸಣ್ಣ ಪಂಪನ್ನು ಕೈಯಲ್ಲಿ ಒತ್ತುತ್ತ ಹೋದರು. ನೊರೆ ನೊರೆಯಾಗಿ ಡೀಸೆಲ್ಲು ಬಂತು, ಗುಳ್ಳೆ ಕಡಿಮೆಯಾಯಿತು, ಕೊನೆಗೆ ಗುಳ್ಳೆಯಿಲ್ಲದೆ ಸುರಿಯಿತು. ನಟ್ಟು ಬಿಗಿ ಮಾಡಿದರು. ದಾರಿಹೋಕರು ಕೂಡಿ ಇಳುಕಲಿಗೆ ನೂಕಿದರು. ಗಾಡಿ ಗುಡುಗಿ ಎದ್ದಿತು. ಚಿರೆಕಲ್ಲಿನ ಮೇಲೆ ಕೂತಿದ್ದ ಇವರು ಬೆನ್ನು ತಿರುಗಿಸಿದ್ದರೂ ಸರಕ್ಕನೆ ತಲೆ ಎತ್ತಿದರು. ಕಲ್ಲಿಗೂ ಆ ನಡುಕ ಬಂದಿರಬೇಕು. ಅದನ್ನು ಭಾವ ನೋಡಿದರು.

ಭಾವ ಎದ್ದರು. "ಸಾಯಬ್ರೇ, ಗಾಡಿ ವಾಪಸ್ ಕೊಡೂದಿಲ್ಲ. ನಾಡಿದ್ದು ಭಟ್ಕಳಕ್ಕೆ ಬತ್ತೆ, ಮಾತಾಡುವ" ಅಂದರು. ತಮ್ಮನ ತೋಳು ಹಿಡಿದು ಎಬ್ಬಿಸಿ, ಡ್ರೈವರ್ ಬಾಗಿಲ ಕಡೆಗೆ ನೂಕಿದರು. ಆಮೇಲೆ ನನಗೆ, "ನೀ ಮೇಲೆ ಕೂತ್ಕೋ" ಅಂದರು. ನಾನು ಸೀರೆ ಎತ್ತಿಕಟ್ಟಿ ಉಪ್ಪಿನ ಮೂಟೆ ಹತ್ತಿದೆ. ಭಾವ ಎಡಗಡೆಯ ಸೀಟಿಗೆ ಏರಿದರು.

ಹಿಂದಿನ ಸಣ್ಣ ಕಂಡಿಯಿಂದ ನನಗೆ ಇಬ್ಬರ ತಲೆಯೂ ಕಾಣುತ್ತಿತ್ತು. ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ಭಾವ ಬಲಗೈ ಚಾಚಿ ತಮ್ಮನ ಹೆಗಲ ಮೇಲೆ ಇಟ್ಟರು. ಹಿಂದೆ ಒಂದು ಬಸ್ಸು ಹಾರನ್ ಹೊಡೆಯಿತು. ಭಾವ ಹೆಗಲು ಒತ್ತಿದರು. ನಮ್ಮ ಗಾಡಿ ಮೆಲ್ಲಗೆ ಬದಿಗೆ ಸರಿಯಿತು, ಬಸ್ಸು ಮುಂದೆ ಹೋಯಿತು. ಕೈ ಹೆಗಲ ಮೇಲೇ ಇತ್ತು.

ಮರುದಿನ ಬೆಳಿಗ್ಗೆ ಭಾವ ಅಂಗಡಿಯ ಬೀಗದ ಕೈಯನ್ನು ನನ್ನ ಎದುರು ಹಿಡಿದು, "ಇನ್ಮೇಲೆ ಅಂಗಡಿ ನಿಂದು" ಅಂದರು. ಅಂಗಡಿಯನ್ನು ನಾನು ಹೇಗೆ ನಡೆಸಿದೆ ಎಂಬುದನ್ನು ಕುಮಟೆಯ ಪೇಟೆಯವರನ್ನೇ ಕೇಳಬೇಕು. ಭಾವ ಎಲೆಯಡಿಕೆಯ ಚೀಲ ಹೆಗಲಿಗೆ ಹಾಕಿಕೊಂಡು ಲಾರಿಯ ಎಡಗಡೆಗೆ ಹತ್ತಿದರು. ಆ ಮೇಲೆ ಆ ಡೀಸೆಲ್ ಲಾರಿ ಭಾವನಿಲ್ಲದೆ ಒಂದು ದಿನವೂ ಘಟ್ಟ ಹತ್ತಲಿಲ್ಲ. ಬಿಸಿಲಿರಲಿ, ಮಳೆಯಿರಲಿ, ಜ್ವರವಿರಲಿ, ಎಡಗಡೆಯ ಸೀಟು ಅವರದು. ಗಾಡಿ ಒಮ್ಮೆಯೂ ಯಾರಿಗೂ ತಾಗಲಿಲ್ಲ.

ಅಂಗಡಿಯ ಯಜಮಾನ ಅಂಗಡಿ ಬಿಟ್ಟು ಲಾರಿಯಲ್ಲಿ ಯಾಕೆ ತಿರುಗುತ್ತಾನೆ ಎಂದು ಊರು ಕೇಳದೆ ಇರುತ್ತದೆಯೇ. ಕೇಳಿದವರಿಗೆಲ್ಲ ಭಾವ ಒಂದೇ ಉತ್ತರ ಕೊಟ್ಟರು. "ಡೀಸೆಲ್ ಪುಕ್ಕಟೆ ಬತ್ತದಾ? ತಮ್ಮ ಆದ್ರೆ ಎಂತ ಆತು, ಕಣ್ಣಿಡ್ಬೇಕು." ಊರಿಗೆ ಅಷ್ಟೇ ಸಾಕಾಯಿತು. ಒಡಹುಟ್ಟಿದವನನ್ನೂ ನಂಬದ ಜಿಪುಣ, ಹನಿ ಡೀಸೆಲ್ಲಿಗೆ ಕಾವಲು ಕೂರುವವ ಎಂದು ಎದುರಿಗೇ ಆಡಿಕೊಂಡರು. ಕುಮಟೆಯ ಚಾದಂಗಡಿಯಲ್ಲಿ, ಶಿರಸಿಯ ಮಂಡಿಯಲ್ಲಿ, ಹೊನ್ನಾವರದ ತಾರಿಯಲ್ಲಿ ಗಾಡಿ ನಿಂತಲ್ಲೆಲ್ಲ ಅದೇ ನಗೆ. ಭಾವ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡು ಕೂತಿರುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ನಿಜ ಹೇಳಿಬಿಡುತ್ತೇನೆ ಎಂದು ಒಂದೆರಡು ಬಾರಿ ಹಾರಾಡಿದೆ. "ಸುಮ್ನಿರು ಮಾರಾಯ್ತಿ" ಅಂದರು ಭಾವ. ಪಕ್ಕದಲ್ಲೇ ಸ್ಟೇರಿಂಗ್ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದ ನನ್ನ ಗಂಡನಿಗೆ, ಊರು ತನ್ನ ಅಣ್ಣನನ್ನು ಏನೆಂದು ಕರೆಯುತ್ತಿದೆ ಎಂಬುದು ಕೊನೆಯವರೆಗೂ ಕೇಳಿಸಲಿಲ್ಲ.